ಬಿಸಿನೀರು, ದಾರಿ ಬಿಡಿ

12 ಜನವರಿ 2025, ಭಾನುವಾರ

ಇವರಿಗೆ ಒಂದು ಮಾತು ಹೇಳಿದರೆ ಮಧ್ಯಾಹ್ನದೊಳಗೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲೆಲ್ಲ ಗೊತ್ತಾಗಿರುತ್ತದೆ. ಮಗ ಶಶಿಕಿರಣನಿಗೆ ಹೇಳಿದರೆ ಅದು ನೇರವಾಗಿ ಅವನ ಹೆಂಡತಿಯ ಕಿವಿಗೆ ಹೋಗುತ್ತದೆ. ಮುಖ್ಯೋಪಾಧ್ಯಾಯಿನಿಯಾಗಿ ಇಡೀ ಶಾಲೆಯನ್ನು ಕಣ್ಣಲ್ಲೇ ಕೂರಿಸುತ್ತಿದ್ದವಳು ನಾನು. ನಿವೃತ್ತಳಾದ ಮೇಲೆ ನನ್ನ ಮಾತು ಕೇಳುವವರು ಈ ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಇವತ್ತು ಹಳೇಬೀಡಿನಿಂದ ಬೀಗರು ಬಂದಿದ್ದರು. ಮಹಾಂತೇಶಪ್ಪನವರು, ಅಂದರೆ ನಮ್ಮ ಸೊಸೆ ಸ್ವಾತಿಯ ತಂದೆ. ದೇವಸ್ಥಾನದ ರಸ್ತೆಯಲ್ಲಿ ಒಂದು ಫ್ಯಾನ್ಸಿ ಅಂಗಡಿ ನಡೆಸುತ್ತಾರೆ. ಬಂದವರು ಕಾಫಿ ಲೋಟ ಹಿಡಿದು ಅದನ್ನು ಕುಡಿಯದೆ ತಿರುಗಿಸುತ್ತಾ ಕುಳಿತರು. ಸೊಸೆಗೆ ಏಳು ತಿಂಗಳು ತುಂಬಿದೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಆ ತವರಿನಲ್ಲಿ ಹೆಂಗಸರಿಲ್ಲ. ಸೊಸೆ ಚಿಕ್ಕವಳಿದ್ದಾಗಲೇ ಅವಳ ತಾಯಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡರು. ಆ ಕೂಸೂ ಉಳಿಯಲಿಲ್ಲ.

"ಅಕ್ಕಾರೆ, ಕೇಳಕ್ಕೆ ಬಾಯಿ ಬತ್ತಾ ಇಲ್ಲ. ಬಾಣಂತನ ಮಾಡಕ್ಕೆ ನಮ್ಮನೇಲಿ ಯಾರವ್ರೆ ಹೇಳಿ..." ಅಂದರು.

"ಕೇಳೋದೇನಿದೆ? ಇಲ್ಲೇ ಆಗುತ್ತೆ. ನೀವು ನಿಶ್ಚಿಂತೆಯಾಗಿ ಕಾಫಿ ಕುಡೀರಿ, ಆರೋಗುತ್ತೆ," ಅಂದೆ.

ಅವರು ಹೋದ ಮೇಲೆ ಊಟ, ನಿದ್ದೆ, ನಡಿಗೆ ಎಲ್ಲಕ್ಕೂ ವೇಳಾಪಟ್ಟಿ ಹಾಕಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಸೊಸೆ ನಿಂತು ಪೂರ್ತಿ ಓದಿ "ಸರಿ ಅತ್ತೆ" ಅಂದಳು. ಮದುವೆಯಾಗಿ ಎರಡು ವರ್ಷವಾಯಿತು. ಅವಳು ನನ್ನ ಹತ್ತಿರ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಈ ಎರಡು ಪದಗಳೇ.

21 ಜನವರಿ, ಮಂಗಳವಾರ

ಸೊಸೆ ಬಚ್ಚಲಿಗೆ ಹೋದರೆ ಹೊರಗೆ ಬರುವುದೇ ಇಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೇಲಿನ ತೊಟ್ಟಿ ಖಾಲಿಯಾಗುತ್ತದೆ. ಬೋರ್‌ವೆಲ್‌ನಲ್ಲಿ ನೀರೇನೋ ಇದೆ, ಆದರೆ ಇದೆ ಅಂತ ಸುರಿಯುವುದೇ?

ಇವತ್ತು ತಡೆಯಲಾಗದೆ ಬಾಗಿಲು ಬಡಿದೆ. ಚಿಲಕ ಹಾಕಿರಲಿಲ್ಲ. ಸೊಸೆ ಸೀರೆಯ ಲಂಗ ಎದೆಗೆ ಕಟ್ಟಿಕೊಂಡು ಮಣೆಯ ಮೇಲೆ ಕೂತು, ಹೊಟ್ಟೆಯ ಮೇಲೆ ಒಂದೊಂದೇ ಚೊಂಬು ಬಿಸಿನೀರು ಸುರಿದುಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿತ್ತು. ಮುಖ ಎಷ್ಟು ಸಮಾಧಾನವಾಗಿತ್ತೆಂದರೆ, ಇವಳು ಹೀಗೂ ಇರಬಲ್ಲಳೇ ಅನ್ನಿಸಿತು.

"ಶೀತ ಆಗುತ್ತೆ, ಎದ್ದು ಬಾ," ಅಂದೆ.

ಇದೊಂದು ಸಲ "ಸರಿ ಅತ್ತೆ" ಬರಲಿಲ್ಲ. "ಇನ್ನೊಂದ್ ಸ್ವಲ್ಪ ಹೊತ್ತು ಅತ್ತೆ. ನೀರು ಬಿದ್ದಾಗ ಮಾತ್ರ ಭಯ ಹೋಗುತ್ತೆ," ಅಂದಳು.

ಏನು ಭಯ ಅಂತ ನಾನು ಕೇಳಲಿಲ್ಲ. ಕೇಳುವುದಕ್ಕೇನಿತ್ತು, ಗೊತ್ತಿರುವ ವಿಷಯವೇ. ಬಾಗಿಲು ಎಳೆದುಕೊಂಡು ಬಂದೆ. ಗೀಸರಿನ ಸ್ವಿಚ್ ಆರಿಸಲು ಹೋದವಳು ಆರಿಸದೆ ಸುಮ್ಮನಾದೆ.

29 ಜನವರಿ, ಬುಧವಾರ

ಇವತ್ತು ನನ್ನ ಮಾನ ಹೋಯಿತು.

ತಪಾಸಣೆಗೆ ಡಾಕ್ಟರ್ ಹೇಮಾಶ್ರೀ ಅವರ ನರ್ಸಿಂಗ್ ಹೋಮಿಗೆ ಹೋಗಿದ್ದೆವು. ಎಲ್ಲ ನೋಡಿಯಾಯಿತು, ಇನ್ನೇನು ಏಳಬೇಕು, ಆಗ ನಮ್ಮ ಸೊಸೆ ಬಾಯಿ ಬಿಟ್ಟಳು. "ಮೇಡಂ, ಹೆರಿಗೆ ನೋವು ಬಂದಾಗ ನಾನು ನೀರಲ್ಲಿ ಕೂತ್ಕೋಬಹುದಾ? ತೊಟ್ಟೀಲಿ?"

ನಾನು ನೆಲ ನೋಡಿದೆ. ಬಾಗಿಲ ಬಳಿ ನಿಂತಿದ್ದ ನರ್ಸ್ ಸಾವಿತ್ರಮ್ಮ ನನ್ನ ಹಳೆಯ ವಿದ್ಯಾರ್ಥಿಯ ತಾಯಿ. ಹೆಡ್‌ಮಿಸ್ ಮನೆಯ ಸೊಸೆ ಎಮ್ಮೆಯ ಹಾಗೆ ನೀರಿಗೆ ಬೀಳುವ ಯೋಚನೆ ಮಾಡಿದ್ದಾಳೆ ಅಂತ ಅವಳು ಏನೆಂದುಕೊಂಡಳೋ!

ಡಾಕ್ಟರ್ ನಗಲಿಲ್ಲ. ಪೆನ್ನು ಕೆಳಗಿಟ್ಟರು. "ಮಗೂನ ನೀರಲ್ಲೇ ಹುಟ್ಟಿಸೋದು ನಮ್ಮಲ್ಲಿ ಮಾಡಲ್ಲ ಸ್ವಾತಿ. ಆದರೆ ನೋವು ಚೆನ್ನಾಗಿ ಹಿಡಿದ ಮೇಲೆ ಬೆಚ್ಚಗಿನ ನೀರಲ್ಲಿ ಕೂರಬಹುದು. ತುಂಬಾ ಜನಕ್ಕೆ ನೋವು ತಡೆಯೋಕೆ ಅನುಕೂಲ ಆಗುತ್ತೆ. ನಿನ್ನ ಬಿಪಿ, ರಕ್ತ, ಮಗುವಿನ ಎದೆಬಡಿತ ಎಲ್ಲಾ ಸರಿ ಇರಬೇಕು. ನೀರು ಮೈಯಿನ ಶಾಖಕ್ಕಿಂತ ಬಿಸಿ ಇರಬಾರದು. ಜೊತೆಗೆ ಒಬ್ಬರು ಇರಲೇಬೇಕು. ನಾನು ಆಚೆ ಬಾ ಅಂದ ತಕ್ಷಣ ಬರಬೇಕು. ಒಪ್ಪಿಗೇನಾ?"

ಸೊಸೆ ಜೋರಾಗಿ ತಲೆಯಾಡಿಸಿದಳು.

"ಇನ್ನೊಂದು ವಿಷಯ, ನಮ್ಮಲ್ಲಿ ತೊಟ್ಟಿ ಇಲ್ಲ. ನೀವೇ ತರಬೇಕು."

ಮನೆಗೆ ಬಂದ ಮೇಲೆ ಹೇಳಿದೆ. ನಾನೂ ಹೆತ್ತವಳೇ. ಬೇಲೂರಿನ ಆಸ್ಪತ್ರೆಯಲ್ಲಿ, ಕಬ್ಬಿಣದ ಮಂಚದ ಮೇಲೆ, ಸೆರಗು ಕಚ್ಚಿಕೊಂಡು. ಒಂದು ಸದ್ದು ಮಾಡಲಿಲ್ಲ. ಹೊರಗೆ ಕೂತಿದ್ದ ಅತ್ತೆಗೆ ಮಗು ಅತ್ತಾಗಲೇ ಗೊತ್ತಾಗಿದ್ದು. ಹೆಣ್ಣಾದವಳು ತಡೆದುಕೊಳ್ಳಬೇಕು ಅಂದೆ.

ಸೊಸೆ ಎಲ್ಲ ಕೇಳಿಸಿಕೊಂಡು, "ನಿಮ್ಮ ಹತ್ತಿರ ಆಗ ಯಾರೂ ಇರ್ಲಿಲ್ವಾ ಅತ್ತೆ?" ಅಂದಳು.

ಯಾರೂ ಇರಲಿಲ್ಲ. ಅದನ್ನು ಇದುವರೆಗೆ ಯಾರೂ ನನ್ನನ್ನು ಕೇಳಿರಲೂ ಇಲ್ಲ.

9 ಫೆಬ್ರವರಿ, ಭಾನುವಾರ

ತೊಟ್ಟಿಯ ವಿಷಯ ಇವರಿಗೆ ಗೊತ್ತಾಗಿಬಿಟ್ಟಿದೆ. ಇನ್ನು ಕೇಳಬೇಕೇ! ಹತ್ತು ದಿನದಿಂದ ಮಂಡಿಯಲ್ಲಿ ಕೊಬ್ಬರಿಯ ಧಾರಣೆಯನ್ನೂ ಬಿಟ್ಟು ಇದೇ ಚರ್ಚೆ. ಒಬ್ಬರು ಸಿಂಟೆಕ್ಸ್ ಟ್ಯಾಂಕನ್ನು ಅರ್ಧಕ್ಕೆ ಕೊಯ್ಯಿಸಿ ಅಂದರಂತೆ. ಇನ್ನೊಬ್ಬರು ಗಂಡಸಿ ಊರಿನಲ್ಲಿ ದನಕ್ಕೆ ನೀರು ಕುಡಿಸುವ ಸಿಮೆಂಟ್ ಬಾನಿ ಮಾಡುತ್ತಾರೆ, ಹೊಸದೇ ಕೊಡಿಸುತ್ತೇನೆ ಅಂದರಂತೆ. ಬಾನಿಯನ್ನು ನೋಡಿಕೊಂಡು ಬರಲು ಇವರು ಸ್ಕೂಟರಿನಲ್ಲಿ ಹೊರಟೇಬಿಟ್ಟಿದ್ದರು. ನಾನು ಗೇಟಿಗೆ ಅಡ್ಡ ನಿಂತೆ.

ಕೊನೆಗೆ ಇವತ್ತು ಶಶಿ ಹಾಸನದಿಂದ ಗಾಳಿ ತುಂಬುವ ತೊಟ್ಟಿ ತಂದ. ಮಕ್ಕಳು ನೀರಾಟ ಆಡುವಂಥದ್ದು, ಗೋಡೆ ಎತ್ತರವಾಗಿ ದಪ್ಪಗಿದೆ. ನೀಲಿ ಬಣ್ಣ, ಮೇಲೆ ನಗುತ್ತಿರುವ ಡಾಲ್ಫಿನ್‌ಗಳು. ಗೂಡ್ಸ್ ರೈಲು ಓಡಿಸುವ ನನ್ನ ಮಗ ತಾರಸಿಯ ಮೇಲೆ ಕಾಲಿನ ಪಂಪು ಒತ್ತಿ ಒತ್ತಿ ಬೆವೆತುಹೋದ. ನೀರು ತುಂಬಿಸಿದೆವು. ಭಾರ ತಡೆಯುತ್ತದೋ ಇಲ್ಲವೋ ನೋಡಬೇಕಲ್ಲ, ಇವರೇ ಪಂಚೆ ಎತ್ತಿಕಟ್ಟಿ ಇಳಿದರು. ಇಳಿದವರು ಏಳುವ ಲಕ್ಷಣ ಕಾಣಲಿಲ್ಲ. ಹಣೆಯ ವಿಭೂತಿ ನೀರಿಗೆ ಕರಗಿ ಮೀಸೆಗೆ ಬಂದಿತ್ತು.

ಪಕ್ಕದ ತಾರಸಿಯಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದ ಸಣ್ಣಯ್ಯನವರು ಕೂಗಿದರು: "ಏನ್ ಮರುಳಪ್ಪಾರೆ, ಯಾವಾಗ ಹೆರಿಗೆ?"

"ಡಾಕ್ಟ್ರು ಮಾರ್ಚಿಗೆ ಅಂದವ್ರೆ ಕಣ್ರೀ," ಅಂದರು ಇವರು.

ಸ್ವಾತಿ ಗೋಡೆಗೆ ಆತುಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಅವಳಿಗೆ ಬಲಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಎರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ.

17 ಫೆಬ್ರವರಿ, ಸೋಮವಾರ

ಸ್ವಾತಿಗೆ ರಕ್ತ ಕಡಿಮೆ ಇದೆಯಂತೆ. ಹೀಗೇ ಇದ್ದರೆ ಇಲ್ಲಿ ಬೇಡ, ಹಾಸನದ ದೊಡ್ಡ ಆಸ್ಪತ್ರೆಗೇ ಹೋಗಬೇಕು, ನೀರು ಗೀರು ಎಲ್ಲ ಮರೆತುಬಿಡಿ ಅಂದರು ಡಾಕ್ಟರ್. ಹೆರಿಗೆಯಲ್ಲಿ ರಕ್ತ ಹೋದರೆ ತಡೆಯುವ ಶಕ್ತಿ ಮೈಯಲ್ಲಿ ಇರಬೇಕು, ಅದಕ್ಕೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಸ್ವಾತಿಯ ತಾಯಿಗೆ ಆಗಿದ್ದೂ ಅದೇ. ರಕ್ತ ನಿಲ್ಲಲಿಲ್ಲ.

ಕಾರಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಏನಾದರೂ ಹೇಳಬೇಕಿತ್ತು. ನನಗೆ ಗೊತ್ತಿರುವುದು ಬರೀ ಪಾಠ ಮಾಡುವುದು. ಮನೆಗೆ ಬಂದವಳೇ ಗೋಡೆಯ ವೇಳಾಪಟ್ಟಿಯನ್ನು ಕಿತ್ತು ಹಾಕಿ, "ಇವತ್ತಿಂದ ಏನೇನು ತಿಂತೀಯ ಹೇಳು. ನೀನು ಹೇಳಿದ್ದು ಮಾಡ್ತೀನಿ. ಆದರೆ ಎಲ್ಲದರಲ್ಲೂ ಸೊಪ್ಪಿರುತ್ತೆ," ಅಂದೆ.

19 ಫೆಬ್ರವರಿ, ಬುಧವಾರ

ನುಗ್ಗೆಸೊಪ್ಪಿನ ಪಲ್ಯ, ನುಗ್ಗೆಸೊಪ್ಪಿನ ರೊಟ್ಟಿ, ನುಗ್ಗೆಸೊಪ್ಪಿನ ಸಾರು. ಸ್ವಾತಿ ಅಳುವ ಮುಖ ಮಾಡಿದಳು. ನಾನೂ ಅವಳ ತಟ್ಟೆಯ ಪಕ್ಕ ತಟ್ಟೆ ಇಟ್ಟುಕೊಂಡು ಅದನ್ನೇ ತಿಂದೆ. ಇವರಿಗೂ ಬಡಿಸಿದೆ. ಇವರು ಅಳುವ ಮುಖ ಮಾಡಲಿಲ್ಲ, ನಿಜವಾಗಿಯೂ ಅತ್ತರೇನೋ ಅನ್ನಿಸಿತು.

26 ಫೆಬ್ರವರಿ, ಬುಧವಾರ. ಶಿವರಾತ್ರಿ

ನಾನು ಉಪವಾಸ. ಸ್ವಾತಿ ಅಭ್ಯಾಸಬಲದಿಂದ ತಾನೂ ಉಪವಾಸ ಅಂದಳು. ಪೂಜೆ ಆಗುವ ಮುಂಚೆಯೇ ರಾಗಿರೊಟ್ಟಿ ತಟ್ಟಿ ಬೆಣ್ಣೆ ಹಾಕಿ ಮುಂದಿಟ್ಟೆ. "ಪೂಜೆ ಇನ್ನೂ ಆಗಿಲ್ಲ ಅತ್ತೆ," ಅಂದಳು. "ಶಿವನಿಗೂ ಮಕ್ಕಳಿದ್ದಾರೆ, ಅರ್ಥ ಆಗುತ್ತೆ, ತಿನ್ನು," ಅಂದೆ. ನಮ್ಮ ಅತ್ತೆ ಇದ್ದಿದ್ದರೆ ನನ್ನನ್ನು ಮನೆಯಿಂದ ಆಚೆ ಹಾಕುತ್ತಿದ್ದರು.

2 ಮಾರ್ಚ್, ಭಾನುವಾರ

ಬಳೆ ತೊಡಿಸಲು ತವರಿಗೆ ಕರೆದುಕೊಂಡು ಹೋಗಬೇಕೆಂದು ಹಳೇಬೀಡಿಗೆ ಹೋಗಿದ್ದೆವು. ಮಹಾಂತೇಶಪ್ಪನವರು ತಮ್ಮ ಅಂಗಡಿಯ ಹಸಿರು ಗಾಜಿನ ಬಳೆಗಳನ್ನೆಲ್ಲ ಹರಡಿಕೊಂಡು ಕೂತಿದ್ದರು. ಪಕ್ಕದ ಮನೆಯ ಹೆಂಗಸರು ಬಂದು ಆರತಿ ಎತ್ತಿದರು. ಬೀಗರೇ ಚಿತ್ರಾನ್ನ ಮಾಡಿದ್ದರು. ಉಪ್ಪು ಹೆಚ್ಚಾಗಿತ್ತು, ಇರಲಿ.

ಬಿಸಿಲು ಇಳಿದ ಮೇಲೆ ಸ್ವಾತಿ ಕೆರೆಯ ಹತ್ತಿರ ಹೋಗೋಣ ಅಂದಳು. ಏರಿಯ ಪಕ್ಕದಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಳು. ಅವಳ ಕಾಲು ಊದಿಕೊಂಡಿತ್ತು. ತಣ್ಣೀರು ತಾಗಿದ ಕೂಡಲೇ ಉಸ್ಸೆಂದಳು.

ಮಹಾಂತೇಶಪ್ಪನವರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರಾಗಿಯೇ ಮಾತು ತೆಗೆದರು. "ಅವ್ರಮ್ಮ ಹೋದ್ಮೇಲೆ ಇವ್ಳು ಊಟನೇ ಬಿಟ್ಬಿಟ್ಳು ಅಕ್ಕಾರೆ. ಏನ್ ಮಾಡಿದ್ರೂ ಅಳ ನಿಲ್ಸ್ತಿರ್ಲಿಲ್ಲ. ಒಂದಿನ ಎತ್ಕಂಡ್ ಬಂದು ಇದೇ ನೀರ್ಗೆ ಇಳ್ದೆ. ನನ್ ಕುತ್ತಿಗೆ ಹಿಡ್ಕಂಡು ನೀರಲ್ಲಿ ತೇಲಿದ್ಳು ನೋಡಿ, ಅಳ ನಿಂತೋಯ್ತು. ಆಮೇಲೆ ದಿನಾ ಕರ್ಕಂಡ್ ಬತ್ತಿದ್ದೆ. ಈಜು ಕಲ್ಸಿದ್ದೂ ಇಲ್ಲೇಯ. ನನ್ಗೆ ಬೇರೆ ಏನೂ ಗೊತ್ತಾಗ್ಲಿಲ್ಲ."

ಇಷ್ಟು ಹೇಳಿ ಟವೆಲಿನಿಂದ ಮುಖ ಒರೆಸಿಕೊಂಡು, ಬಸ್ಸಿನ ಹೊತ್ತಾಯಿತು ಅಂದರು. ನಾವು ಬಂದಿದ್ದು ಕಾರಿನಲ್ಲಿ.

ನಾನು ಚಪ್ಪಲಿ ಬಿಟ್ಟು ಸ್ವಾತಿಯ ಪಕ್ಕ ಕೂತೆ. ನೀರಿಗೆ ಕಾಲು ಬಿಟ್ಟೆ. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚಿದವು. ಇಬ್ಬರೂ ಕಾಲು ಎಳೆದುಕೊಂಡು, ಮತ್ತೆ ಬಿಟ್ಟು, ಹಾಗೇ ಬಹಳ ಹೊತ್ತು ಕೂತಿದ್ದೆವು.

11 ಮಾರ್ಚ್, ಮಂಗಳವಾರ

ರಕ್ತ ಏರಿದೆ! ಡಾಕ್ಟರ್ ರಿಪೋರ್ಟನ್ನು ಎರಡು ಸಲ ನೋಡಿದರು. ಮಗುವಿನ ತಲೆ ಕೆಳಗೆ ತಿರುಗಿದೆ, ಬಿಪಿ ಸರಿಯಾಗಿದೆ. ಇಲ್ಲೇ ಮಾಡೋಣ, ತೊಟ್ಟಿ ತನ್ನಿ ಅಂದರು.

"ಏನು ತಿನ್ನಿಸಿದ್ರಿ?" ಅಂದರು. ಸ್ವಾತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು, ಆ ಸೊಪ್ಪಿನ ಹೆಸರು ಎತ್ತಬೇಡಿ ಅನ್ನುವ ಹಾಗೆ. ನಾವಿಬ್ಬರೂ ಡಾಕ್ಟರ ಎದುರೇ ನಕ್ಕೆವು. ವಾಪಸು ಬರುವಾಗ ಇಬ್ಬರೂ ಮಸಾಲೆ ದೋಸೆ ತಿಂದೆವು. ಇವರಿಗೆ ಹೇಳಿಲ್ಲ.

18 ಮಾರ್ಚ್, ಮಂಗಳವಾರ

ಹೆರಿಗೆ ಕೋಣೆಯಲ್ಲಿ ಜೊತೆಗಿರುವವರು ಯಾರು ಅಂತ ಡಾಕ್ಟರ್ ಕೇಳಿದ್ದರು. ಶಶಿಯೇ ಇರಬೇಕೆಂದಿತ್ತು. ಆದರೆ ಅವನ ಡ್ಯೂಟಿಗೆ ಹೊತ್ತುಗೊತ್ತಿಲ್ಲ, ಹೋದರೆ ಹುಬ್ಬಳ್ಳಿ, ಬಂದರೆ ಅರಸೀಕೆರೆ. ಸ್ವಾತಿ ನನ್ನನ್ನು ಕೇಳಿದಳು. "ಅತ್ತೆ, ನೀವು ಬರ್ತೀರಾ? ಬರೋದಾದ್ರೆ ಒಂದು ಮಾತು. ನನಗೆ ತಡ್ಕೋ ಅಂತ ಮಾತ್ರ ಹೇಳ್ಬಾರ್ದು."

"ಮತ್ತೇನು ಹೇಳ್ಲಿ?"

"ಏನೂ ಬೇಡ. ಸುಮ್ನೆ ನೀರು ಹಾಕಿ."

ಹಾಗಾಗಿ ನರ್ಸ್ ಸಾವಿತ್ರಮ್ಮನ ಹತ್ತಿರ ಹೋಗಿ ಕಲಿತು ಬಂದೆ. ನೀರಿನ ಶಾಖವನ್ನು ಥರ್ಮಾಮೀಟರಿನಲ್ಲಿ ನೋಡುವುದು, ನಡುನಡುವೆ ಕುಡಿಯಲು ಕೊಡುವುದು, ನೋವು ಬಂದಾಗ ಸೊಂಟಕ್ಕೆ ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು. ಮನೆಯಲ್ಲಿ ಇವರ ಸೊಂಟದ ಮೇಲೆ ಅಭ್ಯಾಸ ಮಾಡಿದೆ. ಇವರಿಗೆ ಬಹಳ ಹಿತವಾಯಿತಂತೆ, ದಿನಾ ಮಾಡು ಅನ್ನುತ್ತಿದ್ದಾರೆ.

22 ಮಾರ್ಚ್, ಶನಿವಾರ

ಬೆಳಗಿನಿಂದ ನೋವು. ತಿಂಡಿ ತಿನ್ನಿಸಿದ್ದೇನೆ. ಶಶಿ ನಿನ್ನೆ ಗೂಡ್ಸ್ ಗಾಡಿ ತೆಗೆದುಕೊಂಡು ಹೋದವನು ಇನ್ನೂ ಬಂದಿಲ್ಲ. ಇವರು ತೊಟ್ಟಿಯನ್ನು ಕಾರಿಗೆ ಹಾಕಿದ್ದಾರೆ, ಪಂಪು ಹಾಕಿಲ್ಲ. ಪಂಪು ನಾನು ತೆಗೆದುಕೊಂಡೆ. ಹೊರಟೆವು.

23 ಮಾರ್ಚ್, ಭಾನುವಾರ

ನಿನ್ನೆಯದನ್ನೆಲ್ಲ ಬರೆಯುತ್ತೇನೆ. ಒಂದೂ ಮರೆಯಬಾರದು.

ಹೋದಾಗ ಡಾಕ್ಟರ್ ಪರೀಕ್ಷೆ ಮಾಡಿ, ಇನ್ನೂ ಸಮಯವಿದೆ, ಓಡಾಡಿಸಿ ಅಂದರು. ಕೋಣೆಯ ಉದ್ದಕ್ಕೂ ಅವಳು ನನ್ನ ಭುಜ ಹಿಡಿದು ನಡೆದಳು. ನೋವು ಬಂದಾಗ ನಿಂತು, ಹಣೆಯನ್ನು ನನ್ನ ಎದೆಗೆ ಒತ್ತುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೋವು ಬಿಡುವಿಲ್ಲದಂತೆ ಬರತೊಡಗಿತು. ಡಾಕ್ಟರ್ ಮತ್ತೆ ನೋಡಿ, "ಈಗ ನೀರಿಗೆ ಇಳೀಬಹುದು," ಅಂದರು.

ತೊಟ್ಟಿಗೆ ಗಾಳಿ ತುಂಬಿಯಾಗಿತ್ತು. ಡಾಲ್ಫಿನ್‌ಗಳೆಲ್ಲ ನಗುತ್ತಿದ್ದವು. ನರ್ಸ್ ಗೀಸರಿನ ನಲ್ಲಿ ತಿರುಗಿಸಿದ್ದೇ ತಡ, ಕರೆಂಟು ಹೋಯಿತು.

ಜನರೇಟರ್ ಇದೆ, ಆದರೆ ಅದು ದೀಪಕ್ಕೆ ಮತ್ತು ಯಂತ್ರಗಳಿಗೆ. ಗೀಸರಿಗೆ ಬರುವುದಿಲ್ಲ. ನಲ್ಲಿಯಲ್ಲಿ ತಣ್ಣೀರು ಬರತೊಡಗಿತು. ಸ್ವಾತಿ ಬಚ್ಚಲ ಬಾಗಿಲನ್ನು ಹಿಡಿದು ನಿಂತಿದ್ದಳು. ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ನೀರಿತ್ತು, ಅದನ್ನೇ ನೋಡುತ್ತಿದ್ದಳು. ಆ ನೋಟ ನೋಡಲಾಗದೆ ನಾನು ಹೊರಗೆ ಓಡಿಬಂದು ಮೆಟ್ಟಿಲ ಮೇಲಿಂದಲೇ ಕೂಗಿದೆ. ಮೂವತ್ತು ವರ್ಷ ಪ್ರಾರ್ಥನೆಯ ಹೊತ್ತಿಗೆ ಬಳಸಿದ ಗಂಟಲು ಅದು. "ರೀ! ಬಿಸಿನೀರು!"

ಇವರು ಯಾಕೆ ಏನು ಅಂತ ಕೇಳಲಿಲ್ಲ. ಎದುರುಗಡೆ ಬೋರಯ್ಯನವರ ಹೋಟೆಲಿಗೆ ಓಡಿದರು. ಅಲ್ಲಿ ಮಧ್ಯಾಹ್ನದ ಊಟಕ್ಕೆಂದು ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತಂತೆ. "ಎಲ್ಲಾ ತಗಂಡೋಗಿ, ಅನ್ನ ಆಮೇಲೆ ಬೇಯ್ಲಿ," ಅಂದರಂತೆ ಬೋರಯ್ಯ. ಸ್ವಲ್ಪ ಹೊತ್ತಿಗೆ ರಸ್ತೆ ದಾಟಿ ಒಂದು ಮೆರವಣಿಗೆಯೇ ಬಂತು. ಮುಂದೆ ಇವರು, ಹಿಂದೆ ಸ್ಟೀಲ್ ಬಿಂದಿಗೆ ಹೊತ್ತ ಬೋರಯ್ಯ, ಅವರ ಹಿಂದೆ ಹಾಲಿನ ಕ್ಯಾನು ಹಿಡಿದ ಇಬ್ಬರು ಮಂಡಿಯ ಹಮಾಲರು, ಕೊನೆಯಲ್ಲಿ ಯಾರೋ ಆಟೋ ಡ್ರೈವರು. ಇವರು ಎರಡೂ ಕೈ ಚಾಚಿಕೊಂಡು "ಬಿಸಿನೀರು, ದಾರಿ ಬಿಡಿ! ಬಿಸಿನೀರು, ದಾರಿ ಬಿಡಿ!" ಅಂತ ಕೂಗುತ್ತಿದ್ದರು. ಹೊರಗೆ ಸರದಿಯಲ್ಲಿ ಕೂತಿದ್ದ ರೋಗಿಗಳೆಲ್ಲ ಎದ್ದು ಗೋಡೆಗೆ ಅಂಟಿಕೊಂಡರು. ಜ್ವರ ಬಂದಿದ್ದ ಒಬ್ಬ ಮುದುಕರೂ ಎದ್ದು ಒಂದು ಕ್ಯಾನಿಗೆ ಕೈಕೊಟ್ಟರು.

ಕುದಿಸಿದ ನೀರು ತಾನೇ, ಪಾತ್ರೆ ಶುಭ್ರವಾಗಿದೆಯಾ ಅಂತ ಡಾಕ್ಟರ್ ಒಂದೊಂದನ್ನೂ ಬಗ್ಗಿ ನೋಡಿ ಒಳಗೆ ಬಿಟ್ಟರು. ಗಂಡಸರು ಬಾಗಿಲಲ್ಲೇ ನಿಂತರು. ನಾನೂ ಸಾವಿತ್ರಮ್ಮನೂ ಬಿಸಿನೀರು ಸುರಿದು, ತಣ್ಣೀರು ಬೆರೆಸಿ, ಥರ್ಮಾಮೀಟರ್ ನೋಡಿ, ಮತ್ತೆ ಬೆರೆಸಿ, ಅಂತೂ ಹದಕ್ಕೆ ತಂದೆವು.

ಸ್ವಾತಿ ನೀರಿಗೆ ಇಳಿದಳು. ಎದೆಯವರೆಗೂ ಮುಳುಗಿ, ತೊಟ್ಟಿಯ ಅಂಚಿಗೆ ಕೈ ಹಾಕಿ ಒರಗಿದಳು. "ಅಯ್ಯೋ ಅತ್ತೆ," ಅಂದಳು, "ಅಯ್ಯೋ, ಎಷ್ಟು ಹಗುರ!" ನೋವು ಹೋಗಲಿಲ್ಲ. ಅದು ಬರುತ್ತಲೇ ಇತ್ತು. ಆದರೆ ಬಂದಾಗ ಅವಳು ಅದರ ಜೊತೆಗೇ ಓಲಾಡುತ್ತಿದ್ದಳು, ಹೋದಾಗ ಕಣ್ಣು ಮುಚ್ಚುತ್ತಿದ್ದಳು. ಒಮ್ಮೆ ಎರಡು ನೋವಿನ ನಡುವೆ ಸಣ್ಣಗೆ ಗೊರಕೆಯನ್ನೂ ಹೊಡೆದಳು! ಡಾಕ್ಟರ್ ಆಗಾಗ ಬಂದು ಸಣ್ಣ ಯಂತ್ರವನ್ನು ಹೊಟ್ಟೆಗೆ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದರು. ಅದರ ಸದ್ದು ಕುದುರೆ ಓಡಿದ ಹಾಗಿತ್ತು. ನಾನು ಚೊಂಬಿನಿಂದ ಅವಳ ಬೆನ್ನಿಗೆ ನೀರು ಹಾಕುತ್ತಿದ್ದೆ. ಬೇರೆ ಏನೂ ಮಾಡಲಿಲ್ಲ.

ಆಮೇಲೆ ನೋವು ಇನ್ನೂ ಬಲವಾಯಿತು. ಅವಳ ನೋಟವೇ ಬೇರೆಯಾಯಿತು. ನನ್ನ ಮುಂಗೈ ಹಿಡಿದು, "ಅತ್ತೆ, ನನಗೂ ಅಮ್ಮನ ಥರ ಆಗ್ಬಿಟ್ರೆ?" ಅಂದಳು.

ಆಗಲ್ಲ ಅಂತ ಹೇಳಲು ನಾನು ಯಾರು? ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ತೊಟ್ಟಿಯೊಳಗೆ ಕಾಲಿಟ್ಟೆ. ಅವಳ ಹಿಂದೆ ಕೂತು ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡೆ. ನನಗೂ ಎದೆಯವರೆಗೆ ನೀರು, ರೇಷ್ಮೆ ಅಂಚಿನ ಸೀರೆ ತೇಲುತ್ತಿತ್ತು.

ಡಾಕ್ಟರ್ ಬಂದವರು ನೋಡಿ, "ಕಾಂತಮ್ಮನೋರೇ, ಹೆರಿಗೆ ನಿಮಗೋ ಅವರಿಗೋ?" ಅಂದರು. ಆದರೆ ಏಳಿ ಅನ್ನಲಿಲ್ಲ.

ಮುಂದಿನ ನೋವಿಗೆ ಸ್ವಾತಿ ತುಟಿ ಕಚ್ಚಿದಳು, ರಕ್ತ ಬರುವ ಹಾಗೆ. ನಾನು ಅವಳ ಗಲ್ಲ ಹಿಡಿದು ಹೇಳಿದೆ. "ಕಚ್ಚಬೇಡ. ಕೂಗು ಮಗಳೇ. ಜೋರಾಗಿ ಕೂಗು. ಮಂಡಿಯವರೆಗೂ ಕೇಳಿಸ್ಲಿ."

ಅವಳು ಕೂಗಿದಳು. ಅವಳ ಜೊತೆ ನಾನೂ ಕೂಗಿದೆ. ಯಾಕೆ ಅಂತ ಗೊತ್ತಿಲ್ಲ, ನನಗೇನೂ ನೋವಿರಲಿಲ್ಲ. ಗಂಟಲಿನಿಂದ ತಾನಾಗಿಯೇ ಬಂತು, ನಿಲ್ಲಿಸಲು ಆಗಲಿಲ್ಲ. ಕೆಳಗೆ ಇವರು ಎರಡು ಧ್ವನಿ ಕೇಳಿ ಗಾಬರಿಯಾಗಿ ಬೋರಯ್ಯನವರ ಕೈ ಹಿಡಿದುಕೊಂಡರಂತೆ.

ಇನ್ನೂ ಸ್ವಲ್ಪ ಹೊತ್ತಿಗೆ ಡಾಕ್ಟರ್ ಯಂತ್ರ ಇಟ್ಟಾಗ ಕುದುರೆಯ ಓಟ ನಿಧಾನವಾಯಿತು. ಅವರ ಮುಖ ಬದಲಾಯಿತು. "ಸ್ವಾತಿ, ಈಗ ಆಚೆ ಬಾ. ಈಗಲೇ." ಸ್ವಾತಿ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ಕಿವಿಯಲ್ಲಿ, "ಮಾತು ಕೊಟ್ಟಿದ್ದೀವಿ ಕಣಮ್ಮ. ಏಳು, ನಾನೂ ಬರ್ತೀನಿ," ಅಂದೆ. ಎದ್ದಳು. ಇಬ್ಬರೂ ನೀರು ಸೋರಿಸುತ್ತಾ ಮಂಚದವರೆಗೆ ಹೋದೆವು. ಸಾವಿತ್ರಮ್ಮ ಒಣ ಬಟ್ಟೆ ಹೊದಿಸಿದಳು. ನಾನು ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಅವಳ ಸೊಂಟಕ್ಕೆ ಒತ್ತಿ ಹಿಡಿದೆ, ಆರಿದಾಗ ಮತ್ತೆ ಅದ್ದಿದೆ.

ಮಗುವಿನ ತಲೆ ಹೊರಗೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಬಿದ್ದಿತ್ತಂತೆ. ಡಾಕ್ಟರ್ ಒಂದು ಬೆರಳಲ್ಲಿ ಅದನ್ನು ಹೂವಿನ ಹಾರ ತೆಗೆದ ಹಾಗೆ ತಲೆಯ ಮೇಲಿಂದ ತೆಗೆದರು. ಮರುಕ್ಷಣ ಮಗು ಜಾರಿಕೊಂಡು ಬಂತು. ಕಿರುಚಿತು. ಹೆಣ್ಣು. ಒರೆಸಿ ಸೀದಾ ಸ್ವಾತಿಯ ಎದೆಯ ಮೇಲೆ ಇಟ್ಟರು.

ನಾನು ಮಗುವನ್ನು ನೋಡಲಿಲ್ಲ. ಡಾಕ್ಟರ ಕೈಯನ್ನೇ ನೋಡುತ್ತಿದ್ದೆ. ಮಾಸು ಬಿತ್ತು. ಅವರು ಹೊಟ್ಟೆ ಒತ್ತಿ ನೋಡಿದರು, ಬಟ್ಟೆ ಬದಲಿಸಿದರು, ಮತ್ತೆ ನೋಡಿದರು. ಕೊನೆಗೆ ತಲೆಯೆತ್ತಿ ನನ್ನ ಕಡೆ ತಿರುಗಿ, "ರಕ್ತ ಎಷ್ಟು ಹೋಗಬೇಕೋ ಅಷ್ಟೇ ಹೋಗಿದೆ. ಎಲ್ಲಾ ಚೆನ್ನಾಗಿದೆ. ಇನ್ನು ಮೊಮ್ಮಗಳನ್ನ ನೋಡಿ," ಅಂದರು. ಒದ್ದೆ ಸೀರೆಯಲ್ಲೇ ನಾನು ನೆಲದ ಮೇಲೆ ಕೂತುಬಿಟ್ಟೆ.

"ಅತ್ತೆ," ಅಂದಳು ಮೇಲಿನಿಂದ ಸ್ವಾತಿ. "ಅತ್ತೆ, ನಾನು ಇದೀನಿ."

ಶಶಿ ಬಂದಾಗ ನಾಲ್ಕು ದಾಟಿತ್ತು. ಡ್ಯೂಟಿಯಲ್ಲಿ ಫೋನ್ ಆರಿಸಿರಬೇಕು, ಅವನಿಗೆ ಸುದ್ದಿ ಸಿಕ್ಕಿದ್ದು ಗಾಡಿ ಒಪ್ಪಿಸಿ ಸಹಿ ಹಾಕುವಾಗ. ಸ್ಟೇಷನ್ನಿನಿಂದ ಓಡುತ್ತಾ ಬಂದಿದ್ದ. ಇಂಜಿನ್ನಿನ ಮಸಿ ಕೈಯಲ್ಲಿ, ಬೆನ್ನಿಗೆ ಡ್ಯೂಟಿ ಬ್ಯಾಗು. ಸಾವಿತ್ರಮ್ಮ ಅವನಿಗೆ ಮೊಣಕೈವರೆಗೆ ಸೋಪು ಹಾಕಿಸಿ ಒಳಗೆ ಬಿಟ್ಟಳು. ಮಹಾಂತೇಶಪ್ಪನವರು ಹಳೇಬೀಡಿನಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮಗುವನ್ನು ತೋರಿಸಿದರೆ, "ಮೊದ್ಲು ನನ್ ಮಗಳ್ನ ತೋರ್ಸಿ," ಅಂದರು. ಸ್ವಾತಿ ಬ್ರೆಡ್ಡು ತಿನ್ನುತ್ತಿದ್ದಳು. ಅವಳು ಅಗಿಯುವುದನ್ನೇ ಅವರು ನಿಂತು ನೋಡಿದರು, ತುಂಡು ಮುಗಿಯುವವರೆಗೂ.

ಬೋರಯ್ಯ ಹೋಟೆಲಿನಲ್ಲಿ ಬಂದವರಿಗೆಲ್ಲ ಕೇಸರಿಬಾತು ಹಂಚಿದರಂತೆ.

30 ಮಾರ್ಚ್, ಭಾನುವಾರ. ಯುಗಾದಿ

ನಿನ್ನೆ ಮಠದಿಂದ ಅಯ್ಯನವರು ಬಂದು ಮಗುವಿಗೆ ಲಿಂಗ ಕಟ್ಟಿ ಹರಸಿ ಹೋದರು. ಹೊಕ್ಕುಳು ಒಣಗಿ ಬಿದ್ದಿದೆ. ಇನ್ನು ನೀರು ಹಾಕಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಇಷ್ಟು ದಿನ ಬರೀ ಬಟ್ಟೆಯಲ್ಲಿ ಒರೆಸುತ್ತಿದ್ದೆವು.

ಬೆಳಿಗ್ಗೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಎಲ್ಲರಿಗೂ ನೆತ್ತಿಗೆ ಎಣ್ಣೆ ಇಟ್ಟೆ. ಆಮೇಲೆ ಸ್ವಾತಿಯನ್ನು, "ಮಗುಗೆ ಇವತ್ತು ಎರೆಯೋಣವಾ? ಬೇಡ ಅಂದ್ರೆ ನಾಳೆ," ಅಂತ ಕೇಳಿದೆ.

"ಎರೆಯೋಣ. ನೀವು ಕಾಲು ಚಾಚಿ ಕೂತ್ಕೊಳ್ಳಿ, ನೀರು ನಾನು ಹಾಕ್ತೀನಿ," ಅಂದಳು.

ಮಣೆ ಹಾಕಿಕೊಂಡು ಕಾಲು ನೀಡಿ ಕೂತೆ. ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡೆ. ಬಟ್ಟೆ ಬಿಚ್ಚಿದ್ದಕ್ಕೆ ಸಿಟ್ಟು ಬಂದು ಮುಖ ಟೊಮೆಟೊ ಹಣ್ಣಿನಂತೆ ಮಾಡಿಕೊಂಡು ಅರಚುತ್ತಿತ್ತು. ಸ್ವಾತಿ ಸ್ಟೂಲಿನ ಮೇಲೆ ಕೂತು ಕೈಯಲ್ಲಿ ಶಾಖ ನೋಡಿ, ಅಂಗೈ ಅಡ್ಡ ಹಿಡಿದು ಮೊದಲ ಚೊಂಬು ನೀರನ್ನು ಹೊಟ್ಟೆಯ ಮೇಲೆ ಇಳಿಸಿದಳು. ಅಳು ತಟ್ಟನೆ ನಿಂತಿತು. ಕಣ್ಣು ಅಗಲವಾಗಿ ಬಿಟ್ಟು, ಬಾಯಿ ತೆರೆದುಕೊಂಡೇ, ಏನೋ ನೆನಪು ಮಾಡಿಕೊಳ್ಳುವ ಹಾಗೆ ಸುಮ್ಮನೆ ಮಲಗಿತು. ಆಮೇಲೆ ಕೈ ಬಿಡಿಸಿ ನನ್ನ ಹೆಬ್ಬೆರಳು ಹಿಡಿದುಕೊಂಡಿತು.

"ನೋಡಿ, ನೋಡಿ," ಅಂದಳು ಸ್ವಾತಿ. ಇನ್ನೊಂದು ಚೊಂಬು ಹಾಕಿದಳು, ಅದರಲ್ಲಿ ಅರ್ಧ ನನ್ನ ಮೇಲೆ ಬಿತ್ತು. ಮೂರನೆಯದು ಪೂರ್ತಿ ನನ್ನ ತಲೆಯ ಮೇಲೆಯೇ ಬಿತ್ತು. ಅದು ಕೈತಪ್ಪಿ ಬಿದ್ದದ್ದಲ್ಲ. "ಯುಗಾದಿ ಅಲ್ವಾ, ನಿಮಗೆ ನೀರು ಹಾಕೋರು ಯಾರು ಮತ್ತೆ?" ಅಂದಳು. ನನ್ನ ತಲೆಗೆ ಇನ್ನೊಬ್ಬರು ನೀರು ಹಾಕಿ ಎಷ್ಟು ವರ್ಷವಾಯಿತೋ. ಕಣ್ಣು ಮುಚ್ಚಿಕೊಂಡು ಕೂತೆ. ಇನ್ನೊಂದು ಹಾಕು ಅಂದೆ.

ಈಗ ಮಧ್ಯಾಹ್ನ. ಮಗು ನನ್ನ ಎಡಗೈ ಮೇಲೆ ನಿದ್ದೆ ಹೋಗಿದೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಸ್ವಾತಿಯೂ ಪಕ್ಕದಲ್ಲೇ ಮಲಗಿದ್ದಾಳೆ. ಒಬ್ಬಟ್ಟಿನ ಹೂರಣವನ್ನು ರುಬ್ಬಿ ಇಟ್ಟು ಬಂದಿದ್ದೆ. ಅಪ್ಪ ಮಗ ಇಬ್ಬರೂ ಅಡುಗೆಮನೆ ಸೇರಿಕೊಂಡಿದ್ದಾರೆ. ಹಂಚಿನ ಮೇಲೆ ತುಪ್ಪ ಸೀಯುವ ವಾಸನೆ ಬರುತ್ತಿದೆ. ಇವರು ಈಗ ತಾನೇ ಒಂದನ್ನು ತಟ್ಟೆಯಲ್ಲಿಟ್ಟುಕೊಂಡು ಬಂದು ತೋರಿಸಿದರು. ಒಂದು ಕಡೆ ಹರಿದು ಹೂರಣ ಆಚೆ ಬಂದಿದೆ, ಇನ್ನೊಂದು ಕಡೆ ಕರಿ ಹತ್ತಿದೆ, ಆಕಾರ ಹಾಸನ ಜಿಲ್ಲೆಯ ನಕ್ಷೆಯ ಹಾಗಿದೆ.

"ಹೆಂಗೈತೆ?" ಅಂದರು.

ಮುರಿದು ಬಾಯಿಗೆ ಹಾಕಿಕೊಂಡೆ. ಇನ್ನೊಂದು ತನ್ನಿ, ಸ್ವಾತಿ ಎದ್ದರೆ ಅವಳಿಗೂ ಇರಲಿ ಅಂದೆ.